ದಿನಾಂಕ ಬದಲಾಗಿದೆ

ನಲವತ್ತಮೂರು ಇರಬೇಕಾಗಿತ್ತು, ನಲವತ್ತೆರಡೇ ಇದ್ದವು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವನು ಇನ್ನೊಮ್ಮೆ ಎಣಿಸಿದ, ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ, ಅಂಕೆಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ. ಪಕ್ಕದಲ್ಲಿ ಕೂತಿದ್ದಾಕೆ ತಿರುಗಿ ನೋಡಿ ತನ್ನ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. ಮಾಡಬೇಕಾದ ಕೆಲಸಗಳನ್ನು ಒಂದು ಆ್ಯಪಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಅವನು ಆ್ಯಪನ್ನು ನಂಬುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಸಲ ತಂದುಕೊಡುತ್ತೇನೆ ಎನ್ನುವ ಗುಂಡಿ ಎಲ್ಲದರಲ್ಲೂ ಇರುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಹೋಗುವಾಗ ಅದನ್ನು ಒತ್ತಿದ್ದಕ್ಕೆ ಟಿಪ್ಪಣಿಗಳೆಲ್ಲ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು, ಹೆಂಡತಿಯ ಕನ್ನಡಕದ ಪವರ್ರು ನಲ್ಲಿ ರಿಪೇರಿಯವನ ಫೋನ್ ನಂಬರಿನ ಮುಂದೆ ಹೋಗಿ ಕೂತಿತ್ತು. ಅಂದಿನಿಂದ ಕೈಯಾರೆ ಒಂದೊಂದೇ ಬರೆಯುವುದು, ಬರೆಯುವ ಮುಂಚೆ ಎಣಿಸುವುದು, ಬರೆದ ಮೇಲೆ ಎಣಿಸುವುದು. ಇದು ಆರನೆಯ ಆ್ಯಪು. ನಿನ್ನೆ ಇಡೀ ಮಧ್ಯಾಹ್ನ ಕೂತು ಸಾಗಿಸಿದ್ದ. ಹೋದ ವಾರ ಬರೆಯುವ ಮುಂಚೆ ಎಣಿಸಿದಾಗ ಐದನೆಯದರಲ್ಲಿ ನಲವತ್ತಮೂರು ಇದ್ದದ್ದು ಖಂಡಿತ, ಈ ನಡುವೆ ಒಂದೂ ಮುಗಿದಿಲ್ಲ ಎನ್ನುವುದೂ ಅಷ್ಟೇ ಖಂಡಿತ.

ಅವನು ಹಲ್ಲು ಮಾಡುವವನು. ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಲ್ಯಾಬಿನಲ್ಲಿ ಕೂತು ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಾನೆ. ಇಪ್ಪತ್ತೆರಡು ವರ್ಷ ಇದೇ ಕೆಲಸ. ಕೆಲಸದಲ್ಲಿ ಎತ್ತಿದ ಕೈ ಎಂದು ಹೆಸರಿದೆ, ಅದರ ಜೊತೆಗೆ ಪಟ್ಟಿರಾಯ ಎಂದೂ ಹೆಸರಿದೆ. ಲ್ಯಾಬಿನಲ್ಲಿ ಯಾರಾದರೂ ಏನನ್ನಾದರೂ ಮರೆತರೆ ಸಾಕು, ಪಟ್ಟಿರಾಯನನ್ನು ಕೇಳಿ ಒಂದು ಆ್ಯಪ್ ಹಾಕಿಸಿಕೋ ಎನ್ನುತ್ತಾರೆ. ಅವನು ನಿಜಕ್ಕೂ ಹಾಕಿಕೊಡುತ್ತಾನೆ, ನಗೆಯನ್ನು ಗಮನಿಸದವನ ಹಾಗೆ. ಮೊದಲನೆಯದು ಬರೀ ಬಿಳಿ ಹಾಳೆ ಮತ್ತು ಚೌಕ, ದಿನಾಂಕ ಹಾಕಲು ಜಾಗವಿಲ್ಲ. ಎರಡನೆಯದಕ್ಕೆ ದಿನಾಂಕ ಗೊತ್ತು, ಆದರೆ ತಿಂಗಳ ಕೊನೆಯ ಶುಕ್ರವಾರ ಅಂದರೆ ತಿಳಿಯದು. ಮೂರನೆಯದು ಒಂದು ಹಲಗೆ, ಅದರಲ್ಲಿ ಮೂರು ಸಾಲು, ಕೆಲಸವನ್ನು ಬೆರಳಲ್ಲಿ ಹಿಡಿದು 'ಮಾಡಬೇಕು' ಎನ್ನುವಲ್ಲಿಂದ 'ನಡೀತಿದೆ' ಎನ್ನುವಲ್ಲಿಗೆ ಎಳೆದು ಬಿಡಬಹುದು. ಹಾಗೆ ಎಳೆಯುವುದರಲ್ಲೇ ಕೆಲಸ ಮಾಡಿದಷ್ಟು ತೃಪ್ತಿ ಸಿಗುತ್ತದೆ ಎಂಬುದು ಅದರ ಗುಣವೂ ಹೌದು, ದೋಷವೂ ಹೌದು. ನಾಲ್ಕನೆಯದು ಮಾತು ಕೇಳಿಸಿಕೊಂಡು ತಾನೇ ಬರೆದುಕೊಳ್ಳುತ್ತಿತ್ತು, ಆದರೆ ಲ್ಯಾಬಿನ ಮೋಟಾರುಗಳ ಸದ್ದಿನಲ್ಲಿ ಅದಕ್ಕೆ ಕಿವಿ ಮಂದ. ಹೀಗೆಲ್ಲ ಅವನು ಒಂದೊಂದರ ಗುಣದೋಷ ಬಿಡಿಸಿ ಹೇಳಬಲ್ಲ. ಹೆಂಡತಿ ಒಮ್ಮೆ ಬಟ್ಟೆ ಮಡಚುತ್ತ, ನಿಮ್ಮ ಕೆಲಸಗಳಿಗೂ ಬಾಡಿಗೆದಾರರ ಗತಿಯೇ, ಒಂದು ಮನೆಯಲ್ಲಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದಕ್ಕೆ ಸಾಮಾನು ಹೊರಬೇಕು ಅಂದಿದ್ದಳು. ಅವನೂ ನಕ್ಕಿದ್ದ. ಅವಳಿಗೆ ಹೇಳದೆ ಬಿಟ್ಟದ್ದು ಬೇರೆ. ಐದು ಆ್ಯಪುಗಳನ್ನು ಅವನು ಬಿಟ್ಟದ್ದು ದಿನಾಂಕಕ್ಕೂ ಅಲ್ಲ, ಕಿವಿ ಮಂದಕ್ಕೂ ಅಲ್ಲ. ಪ್ರತಿಯೊಂದರಲ್ಲೂ ಒಂದು ದಿನ ಅದೇ ಒಂದು ಕೆಲಸ ಅವನ ಮುಖ ನೋಡಲು ಶುರು ಮಾಡುತ್ತಿತ್ತು.

ಬಸ್ಸು ಹೊರಟಿತು. ಯಾವುದು ತಪ್ಪಿಹೋಗಿದೆ ಎಂದು ಹುಡುಕುವ ಮೊದಲೇ ಅವನಿಗೆ ಗೊತ್ತಿತ್ತು. ಹೊಸದರಲ್ಲಿ ಅದು ಇರಲಿಲ್ಲ. ನಿನ್ನೆ ಬರೆಯುವಾಗ ಅದರ ಹೆಸರು ಕಣ್ಣಿಗೆ ಬಿದ್ದಿರಲಿಲ್ಲ, ಬೀಳದ್ದನ್ನು ಅವನೂ ಹುಡುಕಿರಲಿಲ್ಲ. ಈಗ ಹಳೆಯದನ್ನು ತೆರೆದು ನೋಡಿದರೆ ಅಲ್ಲೂ ಇಲ್ಲ. ಕೊನೆಗೆ ಮುಗಿದ ಕೆಲಸಗಳ ಪುಟಕ್ಕೆ ಹೋದ. ಮೇಲ್ಗಡೆಯೇ ಇತ್ತು, ಮಧ್ಯೆ ಗೆರೆ ಹೊಡೆದುಕೊಂಡು. ಮಾವನ ಹಲ್ಲು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮುಗಿದದ್ದು ಗುರುವಾರ ಬೆಳಿಗ್ಗೆ 8:41, ಮುಗಿಸಿದವರು ಮಾವ. ಅವನಿಗೆ ಮೊದಲು ಆದದ್ದು ಸಮಾಧಾನ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಎರಡು ಸ್ಟಾಪು ದಾಟುವವರೆಗೂ ಅವನು ಹಗುರವಾಗಿ ಕೂತಿದ್ದ, ಯಾರೋ ಅವನ ತಲೆಯ ಮೇಲಿನ ಮೂಟೆಯನ್ನು ಕೇಳದೆಯೇ ಇಳಿಸಿಕೊಂಡಂತೆ. ಮೂರನೆಯ ಸ್ಟಾಪಿನಲ್ಲಿ ಆ ಸಾಲನ್ನು ಮತ್ತೆ ಓದಿದ. ಮಾವನ ಹಲ್ಲನ್ನು ಸರಿಮಾಡಬೇಕಾದವನು ತಾನು. ತಾನು ಮಾಡದೆ ಅದು ಮುಗಿಯುವುದು ಹೇಗೆ?

ಮಾವ, ಹೆಂಡತಿಯ ಅಪ್ಪ, ಇವರ ಜೊತೆಗೇ ಇದ್ದಾರೆ, ಅತ್ತೆ ಹೋದಾಗಿನಿಂದ, ಹಿಂದಿನ ಕೋಣೆಯಲ್ಲಿ. ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವುದನ್ನೂ ಹೋಗುವುದನ್ನೂ ಕೂಗಿದವರು. ಮನೆಯಲ್ಲೂ ಊಟಕ್ಕೆ ಬನ್ನಿ ಎಂದು ಕರೆದರೆ ಇಡೀ ಪ್ಲಾಟ್‌ಫಾರ್ಮು ಎದ್ದು ಬರಬೇಕು, ಅಂಥ ಗಂಟಲು. ಅವರಿಗೆ ಪೂರ್ತಿ ಸೆಟ್ಟು ಹಲ್ಲು ಬೇಕಾದಾಗ ಇವನೇ, ಡಾಕ್ಟರು ಯಾಕೆ, ನಾನೇ ಮನೆಯಲ್ಲಿ ಅಳತೆ ತೆಗೆದು ಮಾಡಿಕೊಡುತ್ತೇನೆ ಅಂದಿದ್ದ. ಬಾಯಿ ಡಾಕ್ಟರದು, ಅಚ್ಚು ನಮ್ಮದು ಎಂಬುದು ಅವನ ಕಸುಬಿನ ಗಡಿ. ಆ ಗಡಿಯ ಮೇಲೆ ಅವನಿಗೆ ಬಹಳ ದಿನದಿಂದ ಸಿಟ್ಟು. ಇಪ್ಪತ್ತೆರಡು ವರ್ಷದಲ್ಲಿ ತಾನು ಮಾಡಿದ ಹಲ್ಲು ಹಾಕಿಕೊಂಡ ಒಂದು ಮುಖವನ್ನೂ ಅವನು ನೋಡಿರಲಿಲ್ಲ. ಡಾಕ್ಟರುಗಳು ಫೋನಿನಲ್ಲಿ ಏನಪ್ಪಾ ಲ್ಯಾಬಿನವನೇ ಎನ್ನುತ್ತಿದ್ದರು. ಒಂದು ಭಾನುವಾರ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ, ಮಾವನ ಬಾಯಿಯ ಅಚ್ಚು ತೆಗೆದು, ಮುಂದಿನ ಭಾನುವಾರ ಹಲ್ಲು ಎಷ್ಟು ಎತ್ತರ ಬರಬೇಕೆಂದು ತಿಳಿಯಲು ಮೇಣದ ಕಟ್ಟೆಯನ್ನು ಕಚ್ಚಿಸಿದ. ಹೆಂಡತಿ ಬಾಗಿಲಿಗೆ ಒರಗಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದಳು. ಮೇಣವನ್ನು ಡಬ್ಬಿಯಲ್ಲಿ ಲ್ಯಾಬಿಗೆ ಒಯ್ದು, ಕಿಟಕಿಯ ಕಟ್ಟೆಯ ಮೇಲಿಟ್ಟು ಚಹಾ ಕುಡಿಯಲು ಹೋದ. ಮರಳಿ ಬಂದಾಗ ಬಿಸಿಲು ಸರಿದು ಡಬ್ಬಿಯ ಮೇಲೆ ಬಿದ್ದಿತ್ತು. ಮೇಣ ಎಡಬದಿಗೆ ಕುಸಿದಿತ್ತು. ಇನ್ನೊಬ್ಬರ ಕೆಲಸವಾಗಿದ್ದರೆ ಎಸೆದು, ಹೊಸದಾಗಿ ಕಚ್ಚಿಸಿ ಕಳಿಸಿ ಎಂದು ಡಾಕ್ಟರಿಗೆ ಫೋನು ಮಾಡುತ್ತಿದ್ದ, ಸ್ವಲ್ಪ ಖುಷಿಯಿಂದಲೇ. ಇಲ್ಲಿ ಡಾಕ್ಟರೂ ತಾನೇ. ಮನೆಗೆ ಹೋಗಿ, ಮಾವ, ಇನ್ನೊಂದು ಸಲ ಕಚ್ಚಿ ಅನ್ನಬೇಕು, ಯಾಕೆ ಎಂದು ಹೇಳಬೇಕು, ಹೆಂಡತಿ ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಅವನು ಸ್ಪಿರಿಟ್ ದೀಪದಲ್ಲಿ ಮೇಣವನ್ನು ಬಿಸಿಮಾಡಿ ಅಂದಾಜಿನ ಮೇಲೆ ಎತ್ತಿ ಕೂರಿಸಿದ. ಎಡಬದಿ ಒಂದೂವರೆ ಮಿಲಿಮೀಟರು ಎತ್ತರ ಹೆಚ್ಚಾಯಿತು. ಹಲ್ಲು ಹಾಕಿದ ದಿನ ಮಾವ ಬಾಯಿ ಮುಚ್ಚಿದಾಗ ಎಡಗಡೆ ಮೊದಲು ಟಕ್ಕೆಂದ ಸದ್ದು ಕೇಳಿಸಿತು, ಅವನಿಗೆ ಮಾತ್ರ. ಚೆನ್ನಾಗಿದೆ ಅಂದ. ಎಲ್ಲರೂ ಚೆನ್ನಾಗಿದೆ ಅಂದರು.

ಎಂಟು ತಿಂಗಳಾಯಿತು. ಮೊದಲ ವಾರವೇ ಮಾವ, ಎಡಗಡೆ ಸ್ವಲ್ಪ ಒತ್ತುತ್ತೆ, ಬಿಡುವಾದಾಗ ನೋಡಿ, ಅವಸರ ಏನಿಲ್ಲ ಅಂದರು. ಅವನು ಅವರೆದುರೇ ಫೋನ್ ತೆಗೆದು ಬರೆದುಕೊಂಡ: ಮಾವನ ಹಲ್ಲು. ಬರೆದುಕೊಂಡದ್ದು ನೋಡಿ ಅವರ ಮುಖ ಅರಳಿತ್ತು. ಉಜ್ಜಿದರೆ ಸರಿಹೋಗುವಂಥದ್ದಲ್ಲ ಅದು, ಪೂರ್ತಿ ಹೊಸದಾಗಿಯೇ ಮಾಡಬೇಕು, ಹೊಸದಾಗಿ ಮಾಡಬೇಕೆಂದರೆ ಯಾಕೆ ಎಂದು ಬಾಯಿ ಬಿಡಬೇಕು. ಮಾವ ಎರಡನೆಯ ಸಲ ಕೇಳಲಿಲ್ಲ. ಹಲ್ಲನ್ನು ಬೆಳಿಗ್ಗೆ ಹಾಕಿಕೊಂಡು ಊಟದ ಹೊತ್ತಿಗೆ ತೆಗೆಯಲು ಶುರು ಮಾಡಿದರು, ಆಮೇಲೆ ಊಟವನ್ನೇ ತಮ್ಮ ಕೋಣೆಗೆ ಒಯ್ದರು. ಹಾಲಲ್ಲಿ ನೆನೆಸಿದ ಬ್ರೆಡ್ಡು, ಸೂಪು, ಕಿವುಚಿದ ಬಾಳೆಹಣ್ಣು. ಮಾತೂ ಕಡಿಮೆಯಾಯಿತು. ಹಳೆಯ ಸ್ಟೇಷನ್ ಮಾಸ್ತರರು ಫೋನು ಮಾಡಿದರೆ, ನಿದ್ದೆ ಮಾಡ್ತಿದಾರೆ ಅನ್ನು ಎಂದು ಮಗಳಿಗೆ ಕೈಸನ್ನೆ ಮಾಡುತ್ತಿದ್ದರು. ವಯಸ್ಸು, ಎಂದಳು ಹೆಂಡತಿ. ಹೌದು, ವಯಸ್ಸು, ಎಂದ ಅವನೂ.

ಲ್ಯಾಬಿನಲ್ಲಿ ಅಂದು ಎಂಟು ಕೆಲಸ ಕಾದಿದ್ದವು. ಹತ್ತೂವರೆಗೆ ಒಬ್ಬ ಡಾಕ್ಟರು ಫೋನು ಮಾಡಿ, ಮುಂದಿನ ಹಲ್ಲಿನ ಬಣ್ಣ ಒಂದು ಛಾಯೆ ಹಳದಿಯಾಗಿದೆ, ಕಣ್ಣು ಕಾಣಿಸುತ್ತಾ ನಿನಗೆ ಎಂದು ಕೇಳಿದರು. ಕಾಣಿಸುತ್ತೆ ಸಾರ್, ಇವತ್ತೇ ಬದಲಾಯಿಸಿ ಕಳಿಸ್ತೀನಿ ಎಂದ. ಹಲ್ಲು ಲ್ಯಾಬಿಗೆ ವಾಪಸು ಬಂದ ಕೂಡಲೇ ಬದಲಾಯಿಸಿಯೂ ಬಿಟ್ಟ, ನಲವತ್ತು ನಿಮಿಷದಲ್ಲಿ. ಗುರುತುಪರಿಚಯವಿಲ್ಲದ ಯಾರದೋ ಬಾಯಿಗೆ ನಲವತ್ತು ನಿಮಿಷ ಸಾಕಾಯಿತು ಎಂದು ಯೋಚಿಸುತ್ತ ಕೈ ತೊಳೆದುಕೊಂಡ. ಪಕ್ಕದ ಮೇಜಿನಲ್ಲಿ ಪಿಂಗಾಣಿ ಹಲ್ಲಿಗೆ ಕುಂಚದಲ್ಲಿ ಪದರ ಕೂರಿಸುವಾಕೆ ಕೂತಿದ್ದಳು. ಅವನ ಮಾತು ಕೇಳಿ ಐದನೆಯ ಆ್ಯಪನ್ನು ಹಾಕಿಸಿಕೊಂಡವಳು ಅವಳೊಬ್ಬಳೇ. ಮಗಳ ಜೊತೆ ಒಂದು ಪಟ್ಟಿ ಹಂಚಿಕೊಂಡಿದ್ದಳು. ಹಂಚಿಕೊಂಡ ಪಟ್ಟಿಯಲ್ಲಿ ಒಬ್ಬರು ದಿನಾಂಕ ಮುಂದೆ ಹಾಕಿದರೆ ಇನ್ನೊಬ್ಬರಿಗೆ ತಿಳಿಯುತ್ತದೆಯೇ ಎಂದು ಅವನು, ಹೊಸದನ್ನೂ ಹಳೆಯದನ್ನೂ ಹೋಲಿಸಿ ನೋಡುತ್ತಿರುವವನ ದನಿಯಲ್ಲೇ ಕೇಳಿದ.

"ತಿಳಿಯದೆ ಏನು," ಎಂದಳು ಅವಳು ಕುಂಚದಿಂದ ಕಣ್ಣೆತ್ತದೆ. "ಟಿಣ್ ಅಂತ ಬರುತ್ತೆ. ದಿನಾಂಕ ಬದಲಾಗಿದೆ ಅಂತ. ಅದಕ್ಕೇ ನಾನು ಮುಂದೆ ಹಾಕೋದೇ ಬಿಟ್ಟಿದೀನಿ, ಮಗಳು ಮಾನ ಕಳೀತಾಳೆ."

ಅವನು ಪ್ಲಾಸ್ಟರ್ ಮೂಟೆಗಳಿರುವ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಫೋನು ತೆರೆದ. ಮೂರು ತಿಂಗಳ ಹಿಂದೆ ಐದನೆಯದನ್ನು ಹಾಕಿಕೊಂಡಾಗ ಮನೆ ಎಂದೊಂದು ಪಟ್ಟಿ ಮಾಡಿ, ಹೆಂಡತಿಯನ್ನೂ ಮಾವನನ್ನೂ ಸೇರಿಸಿದ್ದ. ಮೂವರವರೆಗೆ ಸೇರಿಸಬಹುದು ಎಂಬ ಸೌಕರ್ಯವಿತ್ತು, ಇದ್ದ ಸೌಕರ್ಯವನ್ನು ಬಳಸದೆ ಬಿಡುವುದು ಅವನ ಜಾಯಮಾನವಲ್ಲ. ಹೆಂಡತಿ ಅದನ್ನು ಒಮ್ಮೆಯೂ ತೆರೆಯಲಿಲ್ಲ. ಮಾವನ ಫೋನಿನಲ್ಲಿ ತಾನೇ ಹಾಕಿಕೊಟ್ಟು, ತೋರಿಸಿಕೊಟ್ಟು, ಮರೆತಿದ್ದ. ಇದ್ದಬದ್ದ ಕೆಲಸಗಳನ್ನೆಲ್ಲ ಅದರೊಳಗೆ ಸುರಿದಿದ್ದ, ಮಾವನ ಹಲ್ಲನ್ನೂ. ಈಗ ಆ ಕೆಲಸದ ಇತಿಹಾಸ ಎನ್ನುವುದನ್ನು ಒತ್ತಿದ. ಆ್ಯಪುಗಳನ್ನು ಹೋಲಿಸುವಾಗ ಐದನೆಯದರ ಈ ಗುಣವನ್ನು ಅವನು ಬಹಳ ಹೊಗಳಿದ್ದ, ಯಾರು ಯಾವಾಗ ಏನು ಮಾಡಿದರು ಎಂಬುದೆಲ್ಲ ಉಳಿಯುತ್ತದೆ ಎಂದು. ಉಳಿದಿತ್ತು. ದಿನಾಂಕ ಬದಲಾಗಿದೆ. ದಿನಾಂಕ ಬದಲಾಗಿದೆ. ದಿನಾಂಕ ಬದಲಾಗಿದೆ. ಎಣಿಸಿದ, ಮೂವತ್ತೆಂಟು ಸಲ. ಹೆಚ್ಚಿನವು ಬೆಳಿಗ್ಗೆ ಎಂಟೂ ಇಪ್ಪತ್ತರ ಆಸುಪಾಸು, ಬಸ್ಸಿನಲ್ಲಿ ಕೂತ ತಕ್ಷಣ ಅವನು ಕೆಂಪಗಾದ ಕೆಲಸಗಳನ್ನು ಮುಂದಕ್ಕೆ ತಳ್ಳುವ ಹೊತ್ತು. ಆ ಹೊತ್ತಿಗೆ ಮಾವ ಕೋಣೆಯಲ್ಲಿ ಬ್ರೆಡ್ಡು ಹಾಲಿಗೆ ಅದ್ದುತ್ತಿರುತ್ತಾರೆ, ಫೋನು ತಟ್ಟೆಯ ಪಕ್ಕದಲ್ಲಿರುತ್ತದೆ. ಗಾಡಿ ಎಷ್ಟು ತಡ ಎಂದು ಜನಕ್ಕೆ ತಿಳಿಸುವುದೇ ಜೀವನದ ಕೆಲಸವಾಗಿದ್ದವರು ಬಂದ ಸೂಚನೆಯನ್ನು ಓದದೆ ಬಿಟ್ಟಾರೆಯೇ? ಮೂವತ್ತೆಂಟು ಸಲ ಅವರು ಕನ್ನಡಕ ಹಾಕಿಕೊಂಡು ತಮ್ಮದೇ ಹಲ್ಲಿನ ಬಗ್ಗೆ ಓದಿದ್ದಾರೆ. ಓದಿ ಏನೂ ಅನ್ನದೆ ಬ್ರೆಡ್ಡು ನುಂಗಿದ್ದಾರೆ. ಅವನು ಪ್ಲಾಸ್ಟರ್ ಮೂಟೆಯ ಮೇಲೆ ಕೂತುಬಿಟ್ಟ. ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಎಂದುಕೊಂಡಿದ್ದ, ಆದರೆ ಅಂಗೈಗಳು ತಣ್ಣಗಾಗಿದ್ದವು. ಎದ್ದಾಗ ಪ್ಯಾಂಟಿನ ಹಿಂದೆಲ್ಲ ಬಿಳಿ ಹಿಡಿದಿತ್ತು, ಸಂಜೆಯವರೆಗೂ ಯಾರೂ ಹೇಳಲಿಲ್ಲ.

ಬಾಯಿಯ ಅಳತೆಯ ತಟ್ಟೆಗಳನ್ನೂ ಅಚ್ಚು ತೆಗೆಯುವ ಗುಲಾಬಿ ಪುಡಿಯ ಡಬ್ಬವನ್ನೂ ಚೀಲಕ್ಕೆ ಹಾಕಿಕೊಂಡು ಅವನು ಬೇಗ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ. ಮನೆಗೆ ಬಂದಾಗ ಮಾವ ಕಿಟಕಿಯ ಪಕ್ಕ ಪತ್ರಿಕೆ ಓದುತ್ತಿದ್ದರು, ಹೆಂಡತಿ ಮೇಜಿನ ಮೇಲೆ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದಳು. ಗುರುವಾರ ಪಟ್ಟಿಯಲ್ಲಿ ಅದನ್ನು ಮುಗಿದಿದೆ ಅಂತ ನೀವೇ ಒತ್ತಿದಿರಾ ಮಾವ ಎಂದು ಕೇಳಿದ. ಕೇಳಿದ್ದಕ್ಕೆ ಮಾವ ಪತ್ರಿಕೆ ಮಡಚಿ ಎದ್ದು ಕೋಣೆಗೆ ಹೋಗಿ ಲೋಟ ಹಿಡಿದುಕೊಂಡು ಬಂದರು, ಪೆಟ್ಟು ತಿನ್ನಲು ಸಿದ್ಧರಾದವರ ಹಾಗೆ. ಲೋಟದ ನೀರಿನಲ್ಲಿ ಹಲ್ಲಿನ ಸೆಟ್ಟು ಇತ್ತು. ಅವನು ತೆಗೆದು ಬೆಳಕಿಗೆ ಹಿಡಿದ. ಎಡಗಡೆಯ ದವಡೆ ಹಲ್ಲುಗಳು ಅರ್ಧಕ್ಕರ್ಧ ಸವೆದು ಚಪ್ಪಟೆಯಾಗಿದ್ದವು, ಗುಲಾಬಿ ಅಂಚಿನ ತುಂಬ ಗೀರು. ಅರದ ಗೀರು ಎಂದು ಅವನ ಕಣ್ಣಿಗೆ ಕೂಡಲೇ ತಿಳಿಯಿತು.

"ಇವಳ ಉಗುರು ಉಜ್ಜೋ ಅರ ತಗೊಂಡು ನಾನೇ ಉಜ್ಜಿದೆ ಅಳಿಯಂದ್ರೆ," ಎಂದರು ಮಾವ, ಹಲ್ಲಿಲ್ಲದ ಬಾಯಲ್ಲಿ, ತುಟಿಗೆ ಕೈ ಅಡ್ಡ ಹಿಡಿದು. "ನಿಮಗೆ ದಿನಾ ಮುಂದೆ ಮುಂದೆ ಹೋಗ್ತಿತ್ತು. ಎಷ್ಟು ಕೆಲಸ ಇರುತ್ತೋ ಪಾಪ, ಇದೊಂದು ಕಮ್ಮಿ ಆಗಲಿ ಅಂತ. ದಿನಾ ಸ್ವಲ್ಪ ಸ್ವಲ್ಪ ಉಜ್ಜಿದೆ. ಸರಿಹೋಯ್ತು ಅಂತ ಒತ್ತಿಬಿಟ್ಟೆ, ಆಮೇಲೆ ಹಾಕ್ಕೊಂಡ್ರೆ ಕೂರೋದೇ ಇಲ್ಲ. ನೀವು ಅಷ್ಟು ಕಷ್ಟಪಟ್ಟು ಮಾಡಿದ್ದು, ಹಾಳು ಮಾಡ್ಕೊಂಡು ಕೂತೆ. ಹೇಳೋಕೆ ಬಾಯಿ ಬರಲಿಲ್ಲ."

ಅವನ ಕೈಯಲ್ಲಿದ್ದ ಹಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಕಸುಬಿನ ಬುದ್ಧಿ ಅವನಿಗಿಂತ ಮೊದಲು ಲೆಕ್ಕ ಹಾಕಿ ಮುಗಿಸಿತ್ತು. ಎತ್ತರವಿದ್ದ ಜಾಗವೇ ಈಗ ಇಲ್ಲ. ಇದನ್ನು ಜಗತ್ತಿನ ಯಾವ ಡಾಕ್ಟರಿಗೆ ತೋರಿಸಿದರೂ ಮುದುಕರು ಉಜ್ಜಿ ಕೆಡಿಸಿದ್ದಾರೆ ಎನ್ನುತ್ತಾರೆ, ಮೊದಲು ಹೇಗಿತ್ತೆಂದು ಇನ್ನು ಯಾರಿಗೂ ಎಂದೆಂದಿಗೂ ತಿಳಿಯುವುದಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬೇಕಾಗಿಯೇ ಇಲ್ಲ. "ಪರವಾಗಿಲ್ಲ ಮಾವ, ಹೊಸದು ಮಾಡೋಣ," ಎಂದ. ದನಿ ಮೃದುವಾಗಿಯೇ ಬಂತು. ಮಾವನ ಭುಜಗಳು ಇಳಿದವು. ಹೆಂಡತಿ ದಾರ ಕಚ್ಚಿ ಹರಿದು, ಅಪ್ಪನ ಕಡೆ ನೋಡಿ, ಬೇರೆ ಯಾರಾದರೂ ಆಗಿದ್ದರೆ ಮನೆ ಹಾರಿಸಿಬಿಡುತ್ತಿದ್ದರು, ಇವರು ಒಂದು ಮಾತು ಅನ್ನಲಿಲ್ಲ ನೋಡು ಎಂದಳು. ಅವಳು ಅವನನ್ನು ನೋಡಿದ ರೀತಿ ಬಾಗಿಲಿಗೆ ಒರಗಿ ನಿಂತ ಭಾನುವಾರದ್ದೇ. ಅವನಿಗೆ ಆ ನೋಟ ಬೇಕಾಗಿತ್ತು, ಎಂಟು ತಿಂಗಳಿಂದ ಬೇಕಾಗಿತ್ತು, ಈಗ ಸಿಕ್ಕಿದಾಗ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ.

ಈ ಸಲ ಡಾಕ್ಟರ ಹತ್ತಿರ ಹೋಗೋಣ ಮಾವ ಎಂದ. ಯಾಕೆ, ನೀವಿಲ್ವಾ ಎಂದರು ಅವರು. ಮತ್ತೆ ಮೇಜಿನ ಮೇಲೆ ಪತ್ರಿಕೆ ಹಾಸಿದರು. ಅವನು ಟಾರ್ಚು ಹಿಡಿದು ಬಾಯೊಳಗೆ ನೋಡಿದ. ಕೆಳಗೆ, ಎಡಗಡೆ, ವಸಡಿನ ಏಣಿನ ಮೇಲೆ ಉಗುರಿನಷ್ಟು ಬಿಳಿ ಹುಣ್ಣು, ಸುತ್ತ ಕೆಂಪು. ಮಾಗಿ ಮತ್ತೆ ಆಗಿ, ಮಾಗಿ ಮತ್ತೆ ಆದ ಹುಣ್ಣು. ಇವತ್ತು ಬರೀ ಮೊದಲ ಅಳತೆ, ಹುಣ್ಣು ಪೂರ್ತಿ ಮಾಗಿದ ಮೇಲೆ ಇನ್ನೊಂದು ಸಲ ತೆಗೆಯಬೇಕು ಎಂದು ಹೇಳಿ ಪುಡಿಗೆ ನೀರು ಬೆರೆಸಿ ಕಲಸಿದ. ಮೇಲಿನ ತಟ್ಟೆ ತುಂಬಿ ಬಾಯೊಳಗೆ ಒತ್ತಿ ಹಿಡಿದ, ಮೂಗಲ್ಲಿ ಉಸಿರಾಡಿ ಮಾವ ಎಂದ. ಮೂರು ನಿಮಿಷ ಎಂದು ಹೆಂಡತಿಗೆ ಹೇಳಿದ, ಅವಳು ತನ್ನ ಫೋನಿನಲ್ಲಿ ಹೊತ್ತು ಇಟ್ಟಳು. ಮಾವನ ಕಣ್ಣು ಅವನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಬಾಯಿ ತುಂಬ ಗಟ್ಟಿಯಾಗುತ್ತಿರುವ ಹಿಟ್ಟು, ಅವರು ಮಾತಾಡುವಂತಿಲ್ಲ, ಪರವಾಗಿಲ್ಲ ಬಿಡಿ ಎಂದು ತಡೆಯುವಂತಿಲ್ಲ. ಅವನ ಬೆರಳುಗಳೂ ಅಲ್ಲೇ ಸಿಕ್ಕಿಕೊಂಡಿದ್ದವು, ಎದ್ದು ಹೋಗುವಂತಿಲ್ಲ.

"ಮಾವ, ನೀವು ಉಜ್ಜಿದ್ದಕ್ಕೆ ಕೆಟ್ಟಿದ್ದಲ್ಲ ಅದು," ಎಂದ. "ಮೊದಲೇ ಕೆಟ್ಟಿತ್ತು. ನೀವು ಕಚ್ಚಿ ಕೊಟ್ಟ ಮೇಣ ಬಿಸಿಲಿಗೆ ಕುಸಿದಿತ್ತು. ಕಣ್ಣಾರೆ ನೋಡಿದೆ. ಇನ್ನೊಂದ್ಸಲ ಕಚ್ಚಿ ಅಂತ ನಿಮ್ಮನ್ನ ಕೇಳೋಕೆ ನಾಚಿಕೆ ಆಯ್ತು, ಅಂದಾಜಲ್ಲಿ ಸರಿಮಾಡ್ದೆ. ಎಡಗಡೆ ಎತ್ತರ ಆಯ್ತು. ನೀವು ಹಾಕ್ಕೊಂಡ ದಿನಾನೇ ನನಗೆ ಗೊತ್ತಾಯ್ತು. ಹೇಳಬೇಕಾಗುತ್ತೆ ಅಂತ ಮುಂದೆ ಹಾಕ್ತಾ ಬಂದೆ. ಕೆಲಸ ಜಾಸ್ತಿ ಇತ್ತು ಅಂತ ಅಲ್ಲ."

ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಉಳಿದ ಎರಡು ನಿಮಿಷ ತಟ್ಟೆಯನ್ನು ಒತ್ತಿ ಹಿಡಿದೇ ಇದ್ದ. ಮಾವನ ಮೂಗಿನ ಉಸಿರು ಅವನ ಮಣಿಕಟ್ಟಿಗೆ ಬಿಸಿಯಾಗಿ ತಾಗುತ್ತಿತ್ತು, ಕಣ್ಣು ಮಾತ್ರ ಅವನ ಮುಖದಿಂದ ಕದಲಲಿಲ್ಲ. ಹೆಂಡತಿಯ ಕಡೆ ತಿರುಗುವ ಧೈರ್ಯ ಅವನಿಗಿರಲಿಲ್ಲ. ಫೋನು ಸದ್ದು ಮಾಡಿದಾಗ ಅವಳು ಅದನ್ನು ಆರಿಸಿ ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಅವನು ತಟ್ಟೆಯನ್ನು ಅಲುಗಿಸಿ ಹೊರಗೆ ತೆಗೆದ. ಅಚ್ಚು ಚೆನ್ನಾಗಿ ಬಂದಿತ್ತು. ಮಾವ ಬಾಯಿ ಮುಕ್ಕಳಿಸಿ ಪಾತ್ರೆಗೆ ಉಗುಳಿದರು, ಗಲ್ಲಕ್ಕೆ ಅಂಟಿದ್ದ ಗುಲಾಬಿ ಹಿಟ್ಟನ್ನು ಟವೆಲ್ಲಿನಿಂದ ಒರೆಸಿಕೊಂಡರು. ಕೆಳಗಿನದೂ ತಗೋಬೇಕಲ್ಲ ಎಂದು ಕೇಳಿದರು. ಹೌದು ಎಂದ. ಮತ್ತೆ ಪುಡಿ ಅಳೆದು ಹಾಕಿದ. ಕಲಸಿ, ತಟ್ಟೆ ತುಂಬಿ, ಬಾಗಿದ.

"ನನ್ನ ಬಾಯೇ ಸರಿಯಿಲ್ಲ ಅಂದ್ಕೊಂಡಿದ್ದೆ ಕಣ್ರೀ ಇಷ್ಟು ದಿನ," ಎಂದರು ಮಾವ. "ಊರಿಗೆಲ್ಲ ನೀವು ಮಾಡಿದ ಹಲ್ಲು ಕೂರುತ್ತೆ, ನನ್ನೊಬ್ಬನಿಗೆ ಕೂರಲಿಲ್ಲವಲ್ಲ ಅಂತ."

ಅಷ್ಟು ಹೇಳಿ ಬಾಯಿ ತೆರೆದರು.